ಹುಲಿ ಬನ್ನು ಕಸಿಯುವುದಿಲ್ಲ

ನಾಯಿ ನಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಹಿರೇಕೊಡಿಗೆಗೆ ಬಂದು ನಮ್ಮ ಮನೆಯ ಹಳದಿ ನಾಯಿಯನ್ನು ನೋಡಿ ಎನ್ನುತ್ತೇನೆ. ಬಾಯಿ ಕಿವಿಯವರೆಗೆ ಇರುತ್ತದೆ. ಬಾಲ ಮಾತ್ರ ಅಲ್ಲ, ಸೊಂಟದಿಂದ ಹಿಂದಿನದೆಲ್ಲ ಅಲ್ಲಾಡುತ್ತದೆ. ಜನ್ಮದಲ್ಲಿ ನಗದ ನಾಯಿ ಬೇಕಿದ್ದರೆ ಅದೂ ನಮ್ಮಲ್ಲೇ ಇದೆ, ಕೊಟ್ಟಿಗೆಯ ಮೂಲೆಯಲ್ಲಿ, ಕಪ್ಪಗೆ, ಗಟ್ಟಿಯಾಗಿ. ದೋಸೆಯ ಚೂರು ಕೊಟ್ಟರೂ ತಾಲೂಕು ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡ ಹಾಗೆ ತೆಗೆದುಕೊಳ್ಳುತ್ತದೆ. ಇವೆರಡರ ಜೊತೆಗೆ ನನ್ನ ಮೊಮ್ಮಗಳಿಗೆ ಏನಾಯಿತು ಎನ್ನುವುದನ್ನು ಈಗಾಗಲೇ ಬಸ್ಸಿನಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ ಹೇಳಿ ಮುಗಿಸಿದ್ದೇನೆ. ಆದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಿಗೆ ಹಣ್ಣು ಕೊಯ್ಯಲು ಹೋದವಳು. ಪುಸ್ತಕ ಓದಿ ಕಲಿತದ್ದು ಕಡಿಮೆ, ಬಂಗಲೆಯ ನಾಯಿಗಳನ್ನು ನೋಡಿ ಕಲಿತದ್ದು ಬಹಳ ಎಂದುಕೊಂಡಿದ್ದೆ. ಒಂದು ಬಂಗಲೆಯಲ್ಲಿ ಡಾಬರ್‌ಮನ್ ಇತ್ತು. ತೋಟದ ರೈಟರ್ ಹಾಜರಿ ತೆಗೆದುಕೊಳ್ಳುವಾಗ ನಮ್ಮನ್ನು ಹೇಗೆ ನೋಡುತ್ತಿದ್ದರೋ ಅದೂ ಹಾಗೇ ನೋಡುತ್ತಿತ್ತು. ಇನ್ನೊಂದರಲ್ಲಿ ಪಾಮೇರಿಯನ್. ಅದು ತನ್ನ ಬಾಲಕ್ಕೇ ಬೊಗಳಿ, ತಾನೇ ಬೆಚ್ಚಿ, ಮತ್ತೆ ಅದೇ ಬಾಲದ ಹಿಂದೆ ಓಡುತ್ತಿತ್ತು. ನಾವು ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಮಾತೆಲ್ಲ ಅವುಗಳದ್ದೇ. ಗಂಭೀರದ ನಾಯಿ ಕಾಯುವುದಕ್ಕೆ, ಚೇಷ್ಟೆಯ ನಾಯಿ ಮಕ್ಕಳಿಗೆ. ಹೀಗೆಂದು ನಾನು ತೀರ್ಮಾನ ಮಾಡಿ ಇಟ್ಟಿದ್ದೆ. ಆ ತೀರ್ಮಾನ ಎಲ್ಲಿ ಹೋಗಿ ಬಿತ್ತು ಎಂದು ಮುಂದೆ ಹೇಳುತ್ತೇನೆ.

ನನ್ನ ಮೊಮ್ಮಗಳು ಮೂರು ವರ್ಷದವಳಿದ್ದಾಗ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬೇಕರಿಯ ಬನ್ನು ಹಿಡಿದುಕೊಂಡು ನಿಂತಿದ್ದಳು. ಹಿಂದಿನಿಂದ ಒಂದು ಬೀದಿನಾಯಿ ಬಂದು ಬನ್ನನ್ನು ಬಾಯಲ್ಲಿ ಕಿತ್ತುಕೊಂಡು ಹೋಯಿತು. ಹಲ್ಲು ತಾಗಲಿಲ್ಲ, ಗೀರು ಆಗಲಿಲ್ಲ. ಆದರೆ ಮಗು ಅಂಗಾತ ಬಿದ್ದಳು, ಸುತ್ತ ನಿಂತವರು ನಕ್ಕರು. ಅವತ್ತಿನಿಂದ ನಾಯಿ ಎಂದರೆ ಮುಗಿಯಿತು. ದೂರದಲ್ಲಿ ಕಂಡರೂ ಸಾಕು, ಹತ್ತಿರ ಯಾರಿದ್ದಾರೋ ಅವರನ್ನೇ ಮರ ಹತ್ತಿದ ಹಾಗೆ ಹತ್ತಿಬಿಡುತ್ತಿದ್ದಳು. ಒಮ್ಮೆ ಕರೆಂಟ್ ಬಿಲ್ಲು ಕೊಡಲು ಬಂದವನ ಕುತ್ತಿಗೆಗೆ ಜೋತುಬಿದ್ದಿದ್ದಳು, ಪಾಪ ಅವನಿಗೆ ಏನೆಂದೇ ತಿಳಿಯಲಿಲ್ಲ. ನಮ್ಮ ಕಪ್ಪು ನಾಯಿಯನ್ನು ಹಗಲೆಲ್ಲ ಕೊಟ್ಟಿಗೆಯಲ್ಲಿ ಕಟ್ಟಿಯೇ ಇಡಬೇಕಾಯಿತು.

ನಮ್ಮ ಕಡೆ ಮನೆಗಳು ದೂರ ದೂರ. ಮನೆಗೊಂದು ನಾಯಿ ಇಲ್ಲದೆ ಇಲ್ಲ. ಶಾಲೆಯ ದಾರಿಯಲ್ಲಿ ಗೇಟಿಗೊಂದು ನಾಯಿ. ಅಂಗನವಾಡಿಗೆ ಅವಳನ್ನು ಅಜ್ಜ, ಅಂದರೆ ನಮ್ಮ ಯಜಮಾನರು, ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಈಗ ಅವಳು ಬೆಳೆದಳು, ಅವರ ಸೊಂಟ ಹಿಡಿಯಿತು. ಮಗ ಪಿಕಪ್ ಗಾಡಿ ಓಡಿಸುತ್ತಾನೆ, ಬೆಳಗಾಗುವ ಮೊದಲೇ ಹೋಗುತ್ತಾನೆ. ಸೊಸೆ ಕೊಪ್ಪದಲ್ಲಿ ಹೊಲಿಗೆ ಅಂಗಡಿಗೆ ಮೊದಲ ಬಸ್ಸಿಗೇ ಹೊರಡುತ್ತಾಳೆ. ಜೂನ್‌ನಲ್ಲಿ ಒಂದನೇ ಕ್ಲಾಸು. ನನ್ನಿಂದ ಅಷ್ಟು ದೂರ ಹೊರಲು ಆಗುವುದಿಲ್ಲ, ಬೇರೆ ಹೊತ್ತುಕೊಂಡು ಹೋಗುವವರು ಯಾರೂ ಇಲ್ಲ.

ಒಂದು ದಿನ ಸೊಸೆ ಬಟ್ಟೆ ಮಡಿಸುತ್ತಾ ಹೇಳಿದಳು: "ಅತ್ತೆ, ಎನ್.ಆರ್.ಪುರದಲ್ಲಿ ನಮ್ಮ ಅಮ್ಮನ ಮನೆ ಬಾಗಿಲಿಗೇ ಶಾಲೆ ವ್ಯಾನ್ ಬರ್ತದೆ. ಇವಳನ್ನ ಅಲ್ಲೇ ಬಿಡೋಣ ಅಂತ."

"ಎಷ್ಟು ದಿನ?"

"ಶಾಲೆ ಅಂದ್ಮೇಲೆ ದಿನ ಎಂತದು ಅತ್ತೆ. ವರ್ಷವೇ."

ಅವಳು ತಲೆ ಎತ್ತಲಿಲ್ಲ. ಮಡಿಸಿದ ಫ್ರಾಕನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಹೆತ್ತವಳಿಗೆ ಇಷ್ಟವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಬೇರೆ ದಾರಿ ನನಗೂ ಕಾಣಲಿಲ್ಲ. ಮಗು ನನ್ನ ಮಗ್ಗುಲಲ್ಲಿ ಮಲಗಿ, ಕಾಲನ್ನು ನನ್ನ ಹೊಟ್ಟೆಯ ಮೇಲೆ ಹಾಕಿ ನಿದ್ದೆ ಮಾಡುವವಳು. ಆ ಕಾಲು ಇಲ್ಲದ ಮಂಚದಲ್ಲಿ ನಾನು ಹೇಗೆ ಮಲಗಲಿ!

ದಾರಿ ಹುಡುಕಿದವನು ಮಗ. ಶೃಂಗೇರಿಯಲ್ಲಿ ಯಾರದೋ ಮನೆಗೆ ಸಾಮಾನು ಇಳಿಸಲು ಹೋಗಿದ್ದ. ಬರುವಾಗ ಪಿಕಪ್ಪಿನ ಹಿಂದೆ ಕರುವಿನಷ್ಟು ದೊಡ್ಡ ಹಳದಿ ನಾಯಿ! ಚಪ್ಪಲಿ, ನೀರಿನ ಪೈಪು, ಒಣಗಲು ಹಾಕಿದ ಬಟ್ಟೆ, ಯಾವುದನ್ನೂ ಬಿಡುವುದಿಲ್ಲ, ಕರೆದುಕೊಂಡು ಹೋಗಿ ಪುಣ್ಯ ಕಟ್ಟಿಕೊಳ್ಳಿ ಎಂದು ಆ ಮನೆಯವರು ಕೊಟ್ಟರಂತೆ.

"ಅಮ್ಮ, ಇದು ಲ್ಯಾಬ್ರಡಾರ್. ಜಾತಿ ನಾಯಿ. ಮಕ್ಕಳ ಜೊತೆ ಆಡೋದೇ ಇದರ ಕೆಲಸ. ಫೋನಲ್ಲಿ ಎಲ್ಲ ನೋಡಿದೀನಿ. ಒಂದು ವಾರದಲ್ಲಿ ಹೆದರಿಕೆ ಬಿಡ್ತದೆ ನೋಡು."

ಯಜಮಾನರು ಜಗಲಿಯಿಂದಲೇ ಕೇಳಿದರು: "ಜಾತಿ ಗೀತಿ ಎಲ್ಲ ಬಿಡಿ ಅಂತ ಭಾಷಣ ಮಾಡ್ತಾರೆ. ನಾಯಿಯೊಳಗೆ ಇನ್ನೂ ಇದ್ಯಾ ಮಾರಾಯ?"

ನನಗೂ ಮಗನ ಮಾತು ಸರಿ ಎನಿಸಿತು. ಬಂಗಲೆಯ ಪಾಮೇರಿಯನ್ ನೆನಪಿತ್ತಲ್ಲ. ಚೇಷ್ಟೆಯ ನಾಯಿ ಮಕ್ಕಳಿಗೆ!

ಹಗ್ಗ ಬಿಚ್ಚಿದ್ದೇ ತಡ, ಅದು ಅಂಗಳವನ್ನೆಲ್ಲ ಒಂದು ಸುತ್ತು ಹಾಕಿ, ಬಕೆಟ್ಟು ಬೀಳಿಸಿ, ಮಗುವನ್ನು ಕಂಡಿದ್ದೇ ಎರಡು ಕಾಲಲ್ಲಿ ಎದ್ದು ನಿಂತಿತು. ಪ್ರೀತಿಯಿಂದಲೇ. ಅದರ ಪ್ರೀತಿ ಮಗುವಿಗಿಂತ ಎತ್ತರ ಇತ್ತು, ಅದೇ ತೊಂದರೆ. ಮೊಮ್ಮಗಳು ಕಿರುಚಿದ ಕಿರುಚು ಆಚೆ ಮನೆಗೂ ಕೇಳಿತು. ಒಳಗೆ ಓಡಿ ಅಕ್ಕಿ ಡಬ್ಬದ ಮೇಲೆ ಹತ್ತಿ ಕುಳಿತವಳು ಊಟಕ್ಕೂ ಇಳಿಯಲಿಲ್ಲ. ಮರುದಿನದಿಂದ ಅಂಗಳಕ್ಕೂ ಇಲ್ಲ. ಕಿಟಕಿಯಲ್ಲಿ ಕೂತು ನೋಡುವುದು, ಅದು ಇತ್ತ ತಿರುಗಿದರೆ ಬಾಗಿಲ ಹಿಂದೆ ಹೋಗುವುದು. ಮಗ ಹೇಳಿದ ವಾರ ಆಯಿತು, ಅದರ ಮೇಲೂ ಆಯಿತು. ಮೊದಲು ದಾರಿಯ ನಾಯಿಗಳಿಗೆ ಮಾತ್ರ ಹೆದರುತ್ತಿದ್ದವಳು ಈಗ ತನ್ನ ಮನೆಯಲ್ಲೇ ಸೆರೆ.

ಅದೇ ಸಮಯಕ್ಕೆ ಮಂಗಗಳು ಬಂದವು. ನಮ್ಮದು ಹಿತ್ತಿಲಷ್ಟೇ, ನಾಲ್ಕು ಬಾಳೆ, ಒಂದು ಸೀಬೆ ಮರ, ಬಸಳೆ ಚಪ್ಪರ. ಅದನ್ನೂ ಬಿಡುವುದಿಲ್ಲ. ಕಪ್ಪು ನಾಯಿಯನ್ನು ಬಿಟ್ಟರೆ ಒಂದೇ ಗುಟುರಿಗೆ ಮಂಗಗಳು ಹೊಳೆಯಾಚೆ ಹೋಗುತ್ತಿದ್ದವು. ಆದರೆ ಅದನ್ನು ಬಿಡುವ ಹಾಗಿಲ್ಲ, ಕಿಟಕಿಯಲ್ಲಿ ಮಗು ಇದೆ. ಯಜಮಾನರು ಯಾರದೋ ಫೋನಿನಲ್ಲಿ, ನಾಯಿಗೆ ಹುಲಿಯ ಪಟ್ಟೆ ಬಳಿದು ಮಂಗ ಓಡಿಸಿದ್ದನ್ನು ನೋಡಿ ಬಂದರು. ಬಂದವರೇ ತಾವು ತಲೆಗೆ ಹಚ್ಚಿಕೊಳ್ಳುವ ಕಪ್ಪು ಪುಡಿಯ ಪೊಟ್ಟಣ ತೆಗೆದರು.

"ಎಂತದು ನಿಮ್ಮದು? ಮಗನ ಮಾವನ ಮನೆಗೆ ಹೋಗೋದಿದ್ಯಾ, ಹುಡುಗ ಆಗಿ?" ಎಂದೆ.

"ಸುಮ್ನಿರು ಮಾರಾಯ್ತಿ. ಹುಲಿ ಮಾಡ್ತೀನಿ."

"ಹುಲಿ ಮಾಡೋದಾದ್ರೆ ಕಪ್ಪಿನದನ್ನ ಮಾಡಿ. ಅದರ ಮುಖ ಹಾಗೇ ಇದೆ."

"ಕಪ್ಪಿನ ಮೇಲೆ ಕಪ್ಪು ಪಟ್ಟೆ ಎಳೆದ್ರೆ ಯಾವ ಮಂಗಕ್ಕೆ ಕಾಣ್ತದೆ?"

ಅದೂ ಸರಿಯೇ. ಹುಲಿಯಾಗುವ ಬುದ್ಧಿ ಇದ್ದದ್ದಕ್ಕೆ ಬಣ್ಣ ಇಲ್ಲ, ಬಣ್ಣ ಇದ್ದದ್ದಕ್ಕೆ ಬುದ್ಧಿ ಇಲ್ಲ! ಹಳದಿ ಇನ್ನೂ ಏರಲಿ ಎಂದು ನಾನೇ ಅರಿಶಿನ ಕಲಸಿ ಕೊಟ್ಟೆ. ಮಗು ಒಳಗೆ ನಿದ್ದೆ ಮಾಡುತ್ತಿದ್ದಾಗ, ಹಳೆಯ ಬ್ರಶ್ಶಿನಲ್ಲಿ ಯಜಮಾನರು ಪಟ್ಟೆ ಎಳೆದರು. ಕಚಗುಳಿ ಆಗಿ ಅದು ಉರುಳಿ ಉರುಳಿ ನಕ್ಕಿತು, ಅರ್ಧ ಬಣ್ಣ ಯಜಮಾನರ ಪಂಚೆಗೇ ಆಯಿತು. ಅಂತೂ ಮುಗಿದಾಗ ಒಳ್ಳೆಯ ಹುಲಿಯೇ ಆಗಿತ್ತು, ಒಂದು ಕಿವಿ ಮಾತ್ರ ಬಿಟ್ಟುಹೋಗಿತ್ತು.

ಮಂಗಗಳು ಮೊದಲು ಹೆದರಿದವು, ಸುಳ್ಳು ಹೇಳಬಾರದು. ಎಲ್ಲವೂ ಸೀಬೆ ಮರದ ತುದಿಗೆ ಹೋದವು. ಹುಲಿ ಮರದ ಕೆಳಗೆ ಕೂತು ಬಾಲ ಅಲ್ಲಾಡಿಸಿತು. ಮಂಗಗಳು ಒಂದರ ಮುಖ ಒಂದು ನೋಡಿದವು. ದೊಡ್ಡ ಗಡವ ಮಂಗವೊಂದು ಅರೆ ತಿಂದ ಸೀಬೆಕಾಯಿ ಎಸೆಯಿತು. ಹುಲಿ ಓಡಿ ಅದನ್ನು ಬಾಯಲ್ಲಿ ಕಚ್ಚಿ ತಂದು, ಮರದ ಬುಡದಲ್ಲಿ ಇಟ್ಟು, ಮತ್ತೆ ಎಸಿ ಎಂಬಂತೆ ಮೇಲೆ ನೋಡುತ್ತಾ ಕೂತಿತು!

ಯಜಮಾನರು ಬ್ರಶ್ಶನ್ನು ನೆಲಕ್ಕೆ ಹಾಕಿದರು. ಅಷ್ಟರಲ್ಲಿ ನನ್ನ ಹಿಂದಿನಿಂದ ನಗು ಕೇಳಿಸಿತು. ತಿರುಗಿ ನೋಡಿದರೆ ಮೊಮ್ಮಗಳು. ಕಿಟಕಿಯಲ್ಲಿ ಅಲ್ಲ, ಹಿತ್ತಿಲ ಬಾಗಿಲಲ್ಲಿ. ಬಾಗಿಲಲ್ಲೂ ಅಲ್ಲ, ಮೆಟ್ಟಿಲು ಇಳಿದು ನಿಂತಿದ್ದಾಳೆ!

"ಅಜ್ಜಿ, ಹುಲಿ!"

ಮೆಲ್ಲಗೆ "ಹೌದು ಪುಟ್ಟಿ," ಎಂದೆ.

"ಕೋಡಂಗಿ ಹುಲಿ ಅಜ್ಜಿ ಇದು."

ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋದಳು. ಅದೃಷ್ಟಕ್ಕೆ ಹುಲಿಯ ಗಮನವೆಲ್ಲ ಮಂಗನ ಮೇಲಿತ್ತು. ಬಾಲದ ತುದಿ ಮುಟ್ಟಿದಳು. ಕೈ ಹಿಂದೆ ತೆಗೆದಳು. ಮತ್ತೆ ಮುಟ್ಟಿದಳು. ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ.

"ನಾಯಿ ಅಂದ್ರೆ ಡಬ್ಬ ಹತ್ತುವವಳು, ಹುಲಿಗೆ ಹೆದರಿಕೆ ಆಗಲ್ವನೇ?"

ಅವಳು ನನ್ನನ್ನು ನೋಡಿದ ನೋಟದಲ್ಲಿ, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬುದಿತ್ತು.

"ಹುಲಿ ಬನ್ನು ಕಸಿಯಲ್ಲ ಅಜ್ಜಿ."

ಅಷ್ಟೇ. ನವರಾತ್ರಿಯಲ್ಲಿ ಹುಲಿವೇಷದವರು ಮನೆ ಮುಂದೆ ಕುಣಿದಿದ್ದನ್ನು ಕಂಡಿದ್ದಾಳೆ, ಅಂಗನವಾಡಿ ಗೋಡೆಯ ಮೇಲೆ ನಗುವ ಹುಲಿಯನ್ನು ಕಂಡಿದ್ದಾಳೆ. ಯಾವ ಹುಲಿಯೂ ಅವಳ ಕೈಯಿಂದ ಏನನ್ನೂ ಕಿತ್ತುಕೊಂಡಿಲ್ಲ. ಯಜಮಾನರು ನನ್ನ ಕಿವಿಯಲ್ಲಿ, "ಇನ್ನು ಮೇಲೆ ಈ ಮನೇಲಿ ಯಾರೂ ನಾಯಿ ಅನ್ನಬಾರದು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನ್ನದು ಮೊದಲೇ ಒದ್ದೆಯಾಗಿತ್ತು.

ಆಮೇಲಿನ ದಿನಗಳ ಗಮ್ಮತ್ತು ಏನು ಹೇಳಲಿ! ನಾಯಿ ಎಂಬ ಮಾತೇ ಮನೆಯಲ್ಲಿ ಬಂದ್. ಸೊಸೆ ಬಾಯಿ ತಪ್ಪಿ "ನಾ..." ಎಂದು ಶುರು ಮಾಡಿ, "ನಾಳೆ ಬೇಗ ಏಳ್ಬೇಕು" ಎಂದು ಮುಗಿಸುತ್ತಿದ್ದಳು. ನನ್ನದು ಇನ್ನೂ ದೊಡ್ಡ ಕಷ್ಟ. ಅನ್ನ ಹಾಕುವಾಗ ಏನೆಂದು ಕರೆಯಲಿ? ಕೋಳಿಗೆ ಬಾ ಬಾ ಬಾ, ಬೆಕ್ಕಿಗೆ ಪುಸ್ ಪುಸ್, ನಾಯಿಗೆ ಕ್ರೂ ಕ್ರೂ. ಹುಲಿಯನ್ನು ಊಟಕ್ಕೆ ಕರೆಯುವ ಮಾತು ನಮ್ಮ ಹಿರಿಯರು ಯಾರೂ ಮಾಡಿಟ್ಟಿಲ್ಲ. ಕರೆಯುವ ಸಂದರ್ಭ ಅವರಿಗೆ ಬಂದಿರಲಿಕ್ಕಿಲ್ಲ! ಕೊನೆಗೆ "ಹುಲಿಯಪ್ಪಾ, ಬಾರಪ್ಪಾ" ಎಂದು ದೇವರನ್ನು ಕರೆದ ಹಾಗೆ ಕರೆಯುತ್ತಿದ್ದೆ. ಅದೂ ಬಂದು ತಟ್ಟೆ ಸಮೇತ ತಿನ್ನುತ್ತಿತ್ತು.

ಅದು ಹಾರುವುದನ್ನು ಬಿಡಿಸಿದವಳು ಅವಳೇ. "ಹುಲಿ ಹಾಗೆಲ್ಲ ಹಾರಲ್ಲ, ಕೂತ್ಕೋ" ಎಂದು ಬೆರಳು ತೋರಿಸುತ್ತಿದ್ದಳು. ಕೂತುಕೊಳ್ಳುತ್ತಿತ್ತು! ಮಗ ಫೋನು ನೋಡಿ ಕಲಿಸಲು ಹೋದಾಗ ಕಲಿಯದ್ದು, ಅವಳ ಒಂದು ಬೆರಳಿಗೆ ಕಲಿಯಿತು. ಮಧ್ಯಾಹ್ನ ಅವಳು ನಿದ್ದೆ ಹೋದಾಗ ಯಜಮಾನರು ಕದ್ದು ಪಟ್ಟೆ ತಿದ್ದುತ್ತಿದ್ದರು. ಹುಲಿಗೇ ಎಲ್ಲ ಪುಡಿ ಆಗಿ, ಅವರ ತಲೆ ಬೆಳ್ಳಗಾಗುತ್ತಾ ಬಂತು. ಕೊಪ್ಪದ ಸಂತೆಯಲ್ಲಿ ಯಾರೋ, "ಎಂತ ಮಾರಾಯ, ಒಮ್ಮೆಗೇ ವಯಸ್ಸಾಯ್ತಲ್ಲ," ಎಂದರಂತೆ. "ಹುಲಿ ಸಾಕಿದೀನಿ, ಅದರ ಚಿಂತೆ," ಎಂದು ಹೇಳಿ ಬಂದಿದ್ದರು.

ಆದರೂ ರಾತ್ರಿ ಮಲಗಿದಾಗ ಲೆಕ್ಕ ಹಾಕುತ್ತಿದ್ದೆ. ಇದು ಎಷ್ಟು ದಿನ? ದಾರಿಯ ನಾಯಿಗಳಿಗೆಲ್ಲ ಪಟ್ಟೆ ಬಳಿಯಲು ಆಗುತ್ತದೆಯೇ? ಸೊಸೆಯ ಅಮ್ಮ ಎನ್.ಆರ್.ಪುರದಿಂದ ಫೋನ್ ಮಾಡಿ, ವ್ಯಾನಿನವರಿಗೆ ಹೇಳಿಟ್ಟಿದ್ದೇನೆ ಎಂದಿದ್ದರು. ಮಗುವಿನ ಬಟ್ಟೆಯ ಚೀಲ ಮಂಚದ ಕೆಳಗೆ ತಯಾರಾಗಿ ಕೂತಿತ್ತು.

ಮೇ ಕೊನೆಯಲ್ಲಿ ಒಂದು ಮಧ್ಯಾಹ್ನ ಗುಡುಗು ಮಳೆ ಬಂತು. ಮನೆಯಲ್ಲಿ ನಾನು ಮತ್ತು ಮೊಮ್ಮಗಳು ಮಾತ್ರ. ಕಪ್ಪು ನಾಯಿ ಕೊಟ್ಟಿಗೆಯಲ್ಲಿ ಮಳೆಯನ್ನು ನೋಡುತ್ತಾ, ಇದೇನು ಹೊಸದೇ ಎಂಬಂತೆ ಕೂತಿತ್ತು. ನಮ್ಮ ಹುಲಿ? ಒಂದು ಗುಡುಗಿಗೆ ಅಂಗಳದಿಂದ ಹಾರಿ, ಒದ್ದೆ ಮೈಯಲ್ಲೇ ಜಗಲಿ, ನಡುಮನೆ ಎಲ್ಲ ದಾಟಿ ಅಡುಗೆಮನೆಗೆ ನುಗ್ಗಿ, ಡಬ್ಬದ ಸಂದಿಯಲ್ಲಿ ತಲೆ ತೂರಿಸಿ ನಿಂತಿತು. ನೆಲದ ಮೇಲೆಲ್ಲ ಕಪ್ಪು ನೀರು. ಪಟ್ಟೆಗಳು ಇಳಿದು ಇಳಿದು ಕಾಲಿನಲ್ಲಿ ಹರಿಯುತ್ತಿದ್ದವು.

ಮೊಮ್ಮಗಳು ಅದರ ಹಿಂದೆಯೇ ಬಂದಳು. ನಾನು ಅಡ್ಡ ನಿಲ್ಲಲು ಹೋದೆ, ಆಗಲೇ ತಡವಾಗಿತ್ತು.

"ಅಜ್ಜಿ, ಹುಲಿ ನಡುಗ್ತಿದೆ."

ಬೆನ್ನ ಮೇಲೆ ಕೈ ಇಟ್ಟಳು. ಕೈ ತೆಗೆದಾಗ ಅಂಗೈ ತುಂಬ ಕಪ್ಪು. ಅಂಗೈಯನ್ನು ನೋಡಿದಳು, ನಾಯಿಯನ್ನು ನೋಡಿದಳು. ಇನ್ನೊಂದು ಕೈಯಿಂದ ಉಜ್ಜಿದಳು. ಅಲ್ಲೂ ಪಟ್ಟೆ ಹೋಯಿತು.

"ಅಜ್ಜಿ, ಇದು ನಾಯಿ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದು ಪುಟ್ಟಿ. ನಾಯಿ."

ಡಬ್ಬದ ಮೇಲೆ ಹತ್ತುತ್ತಾಳೆ ಎಂದು ಕಾದೆ. ಅವಳು ನಿಂತೇ ಇದ್ದಳು. ಮತ್ತೊಂದು ಗುಡುಗು ಬಂತು. ಅಷ್ಟು ದೊಡ್ಡ ಮೈಯ ನಾಯಿ ಕುಸಿದು ಅವಳ ಕಾಲಿಗೇ ಅಂಟಿಕೊಂಡಿತು.

"ನಾಯಿಗೂ ಹೆದರಿಕೆ ಆಗ್ತದಾ ಅಜ್ಜಿ?"

"ಆಗ್ತದಲ್ಲ ಮಗ. ಆಗದೇ ಇರ್ತದಾ?"

ಅವಳು ಅದರ ಪಕ್ಕ ಒದ್ದೆ ನೆಲದಲ್ಲೇ ಕೂತು, ಬಣ್ಣ ಬಳಿಯದೇ ಬಿಟ್ಟುಹೋಗಿದ್ದ ಕಿವಿಯನ್ನು ಎತ್ತಿ ಒಳಗೆ ಹೇಳಿದಳು: "ಎಂತ ಆಗಲ್ಲ. ನಾನಿದೀನಿ." ದಾರಿಯಲ್ಲಿ ನನ್ನನ್ನು ಹತ್ತಿದಾಗಲೆಲ್ಲ ನಾನು ಅವಳಿಗೆ ಹೇಳುತ್ತಿದ್ದ ಧ್ವನಿಯಲ್ಲೇ.

ಆ ದಿನ ರಗ್ಗು, ಸೀರೆ, ಫ್ರಾಕು ಎಲ್ಲ ಕಪ್ಪಾಯಿತು. ತೊಳೆಯುತ್ತಾ ಹಾಡಿಕೊಂಡೆ.

ಸೊಸೆಗೆ ಹೇಳಿದಾಗ ಅವಳು ನಕ್ಕಳು, ಆದರೆ ಚೀಲ ಬಿಚ್ಚಲಿಲ್ಲ. "ಮನೆ ನಾಯಿ ಸರಿ ಅತ್ತೆ. ದಾರಿಯದ್ದು? ತಿರುವಿನ ಮನೆ ಆಲ್ಸೇಶಿಯನ್ ಇದೆಯಲ್ಲ, ಅದನ್ನ ಕಂಡ್ರೆ ನನಗೇ ಹೆದರಿಕೆ. ಶಾಲೆ ಶುರುವಾಗಲಿ, ಒಂದು ದಿನ ನೋಡೋಣ. ಆಗದಿದ್ರೆ ಸಂಜೆ ಬಸ್ಸಿಗೆ ಕರ್ಕೊಂಡು ಹೋಗ್ತೀನಿ."

ಒಂದು ದಿನ! ಆ ದಿನ ಬೆಳಿಗ್ಗೆ ನಾನೇ ಅವಳನ್ನು ಕರೆದುಕೊಂಡು ಹೊರಟೆ. ಹೊಸ ಬ್ಯಾಗು, ಹೊಸ ಕೊಡೆ, ಮೊಮ್ಮಗಳ ಒಂದು ಕೈ ನನ್ನ ಸೆರಗಿನಲ್ಲಿ. ಹಳದಿ ನಾಯಿ ಕರೆಯದಿದ್ದರೂ ಬಂತು, ಮದುವೆಗೆ ಹೊರಟ ಹಾಗೆ. ಕಪ್ಪು ನಾಯಿಯನ್ನು ಯಜಮಾನರೇ ಬಿಚ್ಚಿದರು. ಅದು ನಮ್ಮ ಜೊತೆಯದ್ದೇ ಅಲ್ಲ ಎಂಬಂತೆ ದೂರದಲ್ಲಿ, ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿತ್ತು. ಮೊದಲ ಗೇಟಿನ ಕಂತ್ರಿ ನಾಯಿ ಬೊಗಳಿದಾಗ ಮಗು ನನ್ನ ಸೆರಗನ್ನು ಬಿಗಿ ಹಿಡಿದಳು, ಹತ್ತಲಿಲ್ಲ. ಕಪ್ಪಿನದು ಒಮ್ಮೆ ಅತ್ತ ತಿರುಗಿ ನೋಡಿತು. ಕಂತ್ರಿ ಸುಮ್ಮನಾಯಿತು.

ತಿರುವಿನ ಮನೆಯ ಗೇಟು ತೆರೆದೇ ಇತ್ತು. ಆಲ್ಸೇಶಿಯನ್ ನಡುರಸ್ತೆಯಲ್ಲಿ ನಿಂತಿತ್ತು, ಕಿವಿ ನೆಟ್ಟಗೆ. ನಮ್ಮ ಹಳದಿಯದು ಜಗತ್ತೆಲ್ಲ ತನ್ನ ನೆಂಟರೇ ಎಂದು ತಿಳಿದದ್ದು, ಓಡಿಹೋಗಿ ಅದರ ಮುಂದೆ ಮುಂಗಾಲು ಚಾಚಿ ಆಟಕ್ಕೆ ಕರೆಯಿತು. ಅದು ಹಲ್ಲು ತೋರಿಸಿ ಗುರ್ ಎಂದಿತು. ಇದು ಕುಯ್ ಎಂದು ಬಾಲ ಮಡಚಿ ಓಡಿಬಂದು ಮೊಮ್ಮಗಳ ಹಿಂದೆ ಅಡಗಿತು. ಅವಳಿಗಿಂತ ಎರಡು ಪಾಲು ದೊಡ್ಡದು, ಅಡಗಿದ್ದು ಅವಳ ಹಿಂದೆ!

ಸೆರಗು ಸಡಿಲಾಯಿತು. ಕೈ ಬಿಟ್ಟಿದ್ದಳು. ಒಂದು ಹೆಜ್ಜೆ ಮುಂದೆ ಇಟ್ಟು, ಕಾಲು ನೆಲಕ್ಕೆ ಅಪ್ಪಳಿಸಿ ಕೂಗಿದಳು:

"ಹಚಾ! ನಾಚ್ಕೆ ಆಗಲ್ವಾ ನಿಂಗೆ? ಅದು ಆಡೋಕೆ ಬಂದಿದ್ದು! ಹೋಗು ಒಳಗೆ!"

ಆಲ್ಸೇಶಿಯನ್ ಅವಳನ್ನು ನೋಡಿತು. ಗಂಭೀರದ ಜಾತಿಯಲ್ಲವೇ, ಮಾತಿಗೆ ಬೆಲೆ ಕೊಡುತ್ತದೆ ಎಂದು ಕಾಣುತ್ತದೆ. ತಿರುಗಿ ಗೇಟಿನ ಒಳಗೆ ಹೋಗಿ ಕೂತುಕೊಂಡಿತು. ಆ ಮನೆಯಾಕೆ ಪೊರಕೆ ಹಿಡಿದು ಓಡಿಬಂದರು.

"ಯಾರೇ ಅದು ನಮ್ಮ ನಾಯಿಗೆ ಬೈಯೋದು?"

"ನಾನು! ನಿಮ್ಮ ನಾಯಿ ನಮ್ಮ ನಾಯಿನ ಹೆದರಿಸ್ತು!"

ಆಕೆ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನನ್ನು ನೋಡಿದರು. "ಅಲ್ಲ ಮಾರಾಯ್ತಿ, ಇದು ನಿನ್ನ ತಲೆ ಮೇಲೆ ಹತ್ತಿ ಕೂರ್ತಿದ್ದ ಹುಡುಗಿಯೇನೇ?"

ಮೊಮ್ಮಗಳು ಆಗಲೇ ಮುಂದೆ ಹೋಗಿದ್ದಳು, ಹಳದಿ ನಾಯಿಗೆ ಬುದ್ಧಿ ಹೇಳುತ್ತಾ: "ಗುರುತಿಲ್ಲದವರ ಹತ್ರ ಹಾಗೆ ಓಡಿ ಹೋಗಬಾರದು, ಗೊತ್ತಾಯ್ತಾ?" ಕೊಡೆ ರಸ್ತೆಯಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಬೇಕು ಎಂದೂ ನನಗೆ ತೋಚಲಿಲ್ಲ.

ಅವಳನ್ನು ಕ್ಲಾಸಿನಲ್ಲಿ ಕೂರಿಸಿ, ಶಾಲೆಯ ಗೇಟಿನಲ್ಲೇ ನಿಂತು ಸೊಸೆಗೆ ಫೋನ್ ಮಾಡಿದೆ. ಅವಸರದಲ್ಲಿ ಎರಡು ಸಲ ಬೇರೆ ಯಾರಿಗೋ ಹೋಯಿತು.

"ಎಂತ ಆಯ್ತು ಅತ್ತೆ? ಯಾಕೆ ಅಳ್ತಿದೀರಿ? ಮಗು ಎಲ್ಲಿ?"

"ಬೈದಳು ಕಣೆ!"

"ಯಾರು? ಯಾರಿಗೆ?"

"ನಿನ್ನ ಮಗಳು! ಆಲ್ಸೇಶಿಯನ್ನಿಗೆ! ಕಾಲು ಅಪ್ಪಳಿಸಿ ಬೈದಳು, ಅದು ಒಳಗೆ ಹೋಯ್ತು!"

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಸೊಸೆ ಮೂಗು ಏರಿಸಿಕೊಂಡದ್ದು ಕೇಳಿಸಿತು.

"ಅತ್ತೆ," ಎಂದಳು ಆಮೇಲೆ, "ನೀವು ಫೋನ್ ಇಡಿ. ಅಮ್ಮನಿಗೆ ಹೇಳ್ಬೇಕು, ವ್ಯಾನ್ ಬೇಡ ಅಂತ."

"ಈಗ್ಲೇ ಹೇಳು! ಬಸ್ಸಿಗೆ ಬರುವಾಗ ಹೇಳ್ತೀನಿ ಅಂತ ಕೂರಬೇಡ," ಎಂದೆ. ಅವಳು ಫೋನ್ ಇಟ್ಟ ಮೇಲೂ ನಾನು ಹೇಳುತ್ತಲೇ ಇದ್ದೆ.